ಲೋಳೆಮೀನು: ಕಡಲಿನಿಂದ ಘಟ್ಟದ ಹೊಳೆಯವರೆಗೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಸೊಪ್ಪಿನ ಬೆಟ್ಟಗಳ ಕುರಿತು ಚರ್ಚಿಸಲು ಸೇರುವ ಸಭೆಯಲ್ಲಿ ಕಡಲಿನ ಲೋಳೆಮೀನಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾದುದೇ. ಘಟ್ಟದ ಮೇಲಿನವರಿಗೆ ಈ ಜೀವಿಯ ಪರಿಚಯವಾಗುವುದು ಬಹುಮಟ್ಟಿಗೆ ಶಾಲಾ ಪ್ರವಾಸದಲ್ಲಿ. ಗೋಕರ್ಣದಲ್ಲೋ ಮಲ್ಪೆಯಲ್ಲೋ ಮರಳಿನ ಮೇಲೆ ಬಿದ್ದಿರುವ ಗಂಜಿಮುದ್ದೆಯಂಥ ವಸ್ತುವಾಗಿ. "ಮುಟ್ಟಬೇಡಿ, ಉರಿಯುತ್ತದೆ" ಎಂಬ ಮೇಷ್ಟರ ಎಚ್ಚರಿಕೆಯೊಂದಿಗೆ ಆ ಪಾಠ ಮುಗಿಯುತ್ತದೆ. ಮೀನುಗಾರರಿಗಂತೂ ಬಲೆ ತುಂಬ ಇದೇ ಬಂದ ದಿನ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಬಹುಕಾಲ ವಿಜ್ಞಾನಿಗಳ ಅಭಿಪ್ರಾಯವೂ ಇದಕ್ಕಿಂತ ಉದಾರವಾಗಿರಲಿಲ್ಲ. ಲೋಳೆಮೀನು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಅದನ್ನು ತಿನ್ನುವವರು ವಿರಳ, ಆಹಾರ ಸರಪಳಿ ಅಲ್ಲಿಗೆ ಬಂದು ನಿಂತುಹೋಗುತ್ತದೆ ಎಂದೇ ಹಲವರು ನಂಬಿದ್ದರು. ಕಳೆದ ಎರಡು ದಶಕಗಳ ಅಧ್ಯಯನಗಳು ಈ ನಂಬಿಕೆಯನ್ನು ಬಹುಪಾಲು ಅಲುಗಾಡಿಸಿವೆ.

ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಇದಕ್ಕೆ ಮೂಳೆಯಿಲ್ಲ, ಹೃದಯವಿಲ್ಲ, ಮಿದುಳಿಲ್ಲ; ದೇಹದ ಶೇಕಡ 95ರಷ್ಟು ಭಾಗ ನೀರು. ಆದರೂ 50 ಕೋಟಿ ವರ್ಷಗಳಷ್ಟು ಹಳೆಯ ಬಂಡೆಗಳಲ್ಲಿ ಇದರ ಪಳೆಯುಳಿಕೆ ದೊರೆತಿದೆ. ಇಷ್ಟು ಬಡ ಶರೀರವನ್ನಿಟ್ಟುಕೊಂಡು ಇಷ್ಟು ದೀರ್ಘಕಾಲ ಬಾಳಿದ ಜೀವಿಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕೊಡೆಯಂತೆ ಬಿಚ್ಚಿ ಮುಚ್ಚುತ್ತ ತೇಲುವ ರೂಪ ಅದರ ಬಾಳಿನ ಅರ್ಧ ಮಾತ್ರ. ಹೆಚ್ಚಿನ ಜಾತಿಗಳಲ್ಲಿ ಇನ್ನೊಂದು ಅರ್ಧ ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡು, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಕಳೆಯುತ್ತದೆ. ಪಾಲಿಪ್ ಎಂದು ಕರೆಯಲಾಗುವ ಈ ರೂಪ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾದಿದ್ದು, ಅನುಕೂಲ ಒದಗಿದಾಗ ಮೊಗ್ಗೊಡೆದು ಮರಿ ಕೊಡೆಗಳನ್ನು ನೀರಿಗೆ ಬಿಡುತ್ತದೆ. ಈ ಎರಡು ಬಾಳಿನ ಸಂಗತಿ ಮುಂದಿನ ಮಾತಿಗೆಲ್ಲ ಬೇಕಾಗುತ್ತದೆ.

ಲೋಳೆಮೀನನ್ನು ತಿನ್ನುವವರಿಲ್ಲ ಎಂಬ ಭಾವನೆಗೆ ಒಂದು ಕಾರಣವಿತ್ತು. ಮೀನಿನ ಹೊಟ್ಟೆ ಸೀಳಿ ನೋಡಿದಾಗ ಮುಳ್ಳು, ಚಿಪ್ಪು ಸಿಗುತ್ತವೆ; ಲೋಳೆ ಮಾತ್ರ ಬೇಗನೆ ಕರಗಿ ಗುರುತು ಉಳಿಸುವುದಿಲ್ಲ. ಲೆದರ್‌ಬ್ಯಾಕ್ ಎಂಬ ಕಡಲಾಮೆ ಮಾತ್ರ ಎಲ್ಲರಿಗೂ ಗೊತ್ತಿದ್ದ ಅಪವಾದ. ನೂರಾರು ಕಿಲೋ ತೂಗುವ ಈ ಆಮೆ ಪ್ರಧಾನವಾಗಿ ಲೋಳೆಮೀನನ್ನೇ ತಿಂದು ಬದುಕುತ್ತದೆ. ಕೆನಡಾದ ತೀರದಲ್ಲಿ ಈ ಆಮೆಗಳ ಬೆನ್ನಿಗೆ ಕ್ಯಾಮರಾ ಕಟ್ಟಿ ನೋಡಿದವರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಒಂದು ಆಮೆ ದಿನಕ್ಕೆ ಸರಾಸರಿ 330 ಕಿಲೋ ಲೋಳೆಮೀನು ತಿನ್ನುತ್ತದೆ; ಅಂದರೆ ತನ್ನ ತೂಕದ ಮುಕ್ಕಾಲು ಪಾಲಿನಷ್ಟು. ಭಾರತದಲ್ಲಿ ಲೆದರ್‌ಬ್ಯಾಕ್ ಮೊಟ್ಟೆಯಿಡುವ ಮುಖ್ಯ ತಾಣಗಳಲ್ಲೊಂದು ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ. (ಆ ಕೊಲ್ಲಿಯ ವನ್ಯಧಾಮದ ಅಧಿಸೂಚನೆಯನ್ನು 2021ರಲ್ಲಿ ರದ್ದುಪಡಿಸಲಾಯಿತು, 2022ರಲ್ಲಿ ಅಲ್ಲಿನ ಬಂದರು ಯೋಜನೆಗೆ ಪರಿಸರ ಅನುಮತಿ ದೊರೆಯಿತು. ಆ ಕಥೆಗೆ ಪ್ರತ್ಯೇಕ ಸಭೆಯೇ ಬೇಕು.)

ತಿನ್ನುವವರು ಆಮೆಗಳಷ್ಟೇ ಅಲ್ಲ. ನಾರ್ವೆಯ ಆಳವಾದ ಕಡಲ ಕಣಿವೆಯೊಂದರ ತಳಕ್ಕೆ ಸತ್ತ ಲೋಳೆಮೀನುಗಳನ್ನು ಇಳಿಬಿಟ್ಟು ಕ್ಯಾಮರಾದಿಂದ ನೋಡಿದಾಗ, ತಳವಾಸಿ ಮೀನುಗಳು ಮತ್ತು ಸಿಗಡಿ ಜಾತಿಯ ಜೀವಿಗಳು ಮುತ್ತಿಕೊಂಡು ಎರಡೂವರೆ ಗಂಟೆಯಷ್ಟು ಅಲ್ಪ ಕಾಲದಲ್ಲೇ ಮುಗಿಸಿದ್ದೂ ಉಂಟು. ಬದುಕಿರುವಾಗಲೂ ಅದರ ಕೊಡೆಯ ಕೆಳಗೆ ಕೆಲವು ಜಾತಿಗಳ ಮರಿಮೀನುಗಳು ಅಡಗಿ ಬೆಳೆಯುತ್ತವೆ. ಕುಟುಕುವ ಎಳೆಗಳ ನಡುವೆ ಅವಕ್ಕೆ ದೊಡ್ಡ ಮೀನಿನ ಭಯವಿಲ್ಲ. ಮುಳ್ಳುಬೇಲಿಯೊಳಗೆ ಸಸಿ ಬೆಳೆದಂತೆ.

ಎಲ್ಲಕ್ಕಿಂತ ಗಮನಾರ್ಹವಾದ ಸಾಕ್ಷ್ಯ ದೊರೆತದ್ದು ಕರ್ನಾಟಕದ ನದಿಗಳು ಸೇರುವ ಅರಬ್ಬಿ ಸಮುದ್ರದಲ್ಲೇ. 2002ರ ಕೊನೆಯಲ್ಲಿ ಒಮಾನ್ ತೀರದಾಚೆ ಕಡಲ ತಳವನ್ನು ಪರಿಶೀಲಿಸಿದ ಸಂಶೋಧಕರಿಗೆ, 300 ಮೀಟರಿನಿಂದ 3,000 ಮೀಟರಿಗೂ ಮಿಕ್ಕಿದ ಆಳದವರೆಗೆ ಒಂದೇ ಜಾತಿಯ ಲೋಳೆಮೀನಿನ ಹೆಣಗಳು ರಾಶಿಯಾಗಿ ಬಿದ್ದಿರುವುದು ಕಂಡಿತು. ಮೇಲಿನಿಂದ ತಳಕ್ಕೆ ಸಾಮಾನ್ಯವಾಗಿ ಒಂದು ವರ್ಷದಲ್ಲಿ ಇಳಿಯುವ ಇಂಗಾಲದ ಹತ್ತು ಪಟ್ಟಿಗೂ ಹೆಚ್ಚು ಇಂಗಾಲ ಕೆಲವೆಡೆ ಆ ಹೆಣಗಳಲ್ಲೇ ಇತ್ತು. ಮಲೆನಾಡಿನವರಿಗೆ ಇಂಗಾಲದ ಲೆಕ್ಕ ಹೊಸತಲ್ಲ. ಮರ ಗಾಳಿಯಿಂದ ಇಂಗಾಲ ಹೀರುತ್ತದೆ, ದರಗು ಉದುರಿ ಕೊಳೆತು ಮಣ್ಣು ಸೇರುತ್ತದೆ. ಕಡಲಿನ ಮೇಲ್ಪದರದಲ್ಲಿ ಸೂಕ್ಷ್ಮ ಸಸ್ಯಗಳು ಹೀರಿದ್ದನ್ನು ಸೂಕ್ಷ್ಮ ಪ್ರಾಣಿಗಳು ತಿನ್ನುತ್ತವೆ, ಅವನ್ನು ಲೋಳೆಮೀನು ತಿಂದು, ಸತ್ತ ಮೇಲೆ ಬೆಳಕು ಕಾಣದ ತಳಕ್ಕೆ ಒಯ್ದು ಹಾಕುತ್ತದೆ. ಕಡಲಿಗೆ ಅದು ದರಗು.

ಹೀಗೆಂದ ಮಾತ್ರಕ್ಕೆ ಲೋಳೆಮೀನು ಹೆಚ್ಚಿದಷ್ಟೂ ಒಳಿತು ಎಂದು ಅರ್ಥವಲ್ಲ. ಆಫ್ರಿಕದ ನಮೀಬಿಯಾ ತೀರದಲ್ಲಿ ಒಂದು ಕಾಲಕ್ಕೆ ತಾರ್ಲೆಯ ಬಳಗದ ಮೀನು ಅಪಾರವಾಗಿತ್ತು. 1960ರ ದಶಕದ ಮಿತಿಮೀರಿದ ಮೀನುಗಾರಿಕೆಯ ನಂತರ ಅದು ಕುಸಿಯಿತು. ಅಲ್ಲಿ ಲೋಳೆಮೀನಿನ ತೂಕ 122 ಲಕ್ಷ ಟನ್, ಮೀನಿನದು 36 ಲಕ್ಷ ಟನ್ ಎಂದು 2006ರಲ್ಲಿ ಒಂದು ಸಮೀಕ್ಷೆ ಅಂದಾಜಿಸಿತು. ಕಾರಣ ಕಷ್ಟದ್ದೇನಲ್ಲ. ಸಣ್ಣ ಮೀನುಗಳೂ ಲೋಳೆಮೀನೂ ಉಣ್ಣುವುದು ಒಂದೇ ಎಲೆಯಲ್ಲಿ. ಒಬ್ಬರನ್ನು ಎಬ್ಬಿಸಿದರೆ ಊಟವೆಲ್ಲ ಇನ್ನೊಬ್ಬರದು. ಮೇಲಾಗಿ ಲೋಳೆಮೀನು ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುವುದರಿಂದ ಹೋದವರು ಮರಳಿ ಬರುವುದು ಕಷ್ಟ. ಆದರೂ ಅಲ್ಲಿ ಸರಪಳಿ ಪೂರ್ತಿ ಕಡಿದಿಲ್ಲ. ಗೋಬಿ ಎಂಬ ಪುಟ್ಟ ಮೀನೊಂದು ಆ ಲೋಳೆಯನ್ನೇ ತಿಂದು ಬೆಳೆಯುತ್ತಿದೆ, ಅದನ್ನು ದೊಡ್ಡ ಮೀನುಗಳೂ ಕಡಲಹಕ್ಕಿಗಳೂ ತಿನ್ನುತ್ತಿವೆ.

ಫ್ರಾನ್ಸಿನ ಗ್ರಾವ್‌ಲಿನ್ ಅಣುಸ್ಥಾವರದಲ್ಲಿ 2025ರ ಆಗಸ್ಟಿನಲ್ಲಿ ಲೋಳೆಮೀನಿನ ಹಿಂಡು ನೀರೆಳೆಯುವ ಜಾಗದ ಜರಡಿಗಳಲ್ಲಿ ಸಿಲುಕಿ ನಾಲ್ಕು ರಿಯಾಕ್ಟರುಗಳು ನಿಂತವು. ಪತ್ರಿಕೆಗಳು ಇದನ್ನು ಲೋಳೆಮೀನಿನ ದಾಳಿ ಎಂಬಂತೆ ಬಣ್ಣಿಸುವುದುಂಟು. ದಾಳಿ ಎನ್ನುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಪಾಲಿಪ್ ಅಂಟಿಕೊಳ್ಳಲು ಬೇಕಾದ ಗಟ್ಟಿ ಮೈಯನ್ನು ಬಂದರಿನ ಗೋಡೆ, ಕಾಂಕ್ರೀಟ್ ತಡೆಗೋಡೆಗಳ ರೂಪದಲ್ಲಿ ಒದಗಿಸಿದವರಾರು? ನೀರು ಬಿಸಿಯಾಗಿರುವುದು ಯಾವುದರಿಂದ? ಗದ್ದೆ ತೋಟಗಳಿಗೆ ಸುರಿದ ಗೊಬ್ಬರದ ಸಾರ ಮಳೆಯಲ್ಲಿ ತೊಳೆದು ಹೊಳೆ ಸೇರಿ, ಅಳಿವೆಯಲ್ಲಿ ಪಾಚಿಯನ್ನು ಬೆಳೆಸಿ, ನೀರಿನ ಆಮ್ಲಜನಕವನ್ನು ಕುಗ್ಗಿಸಿದಾಗ ಮೀನು ಉಸಿರುಗಟ್ಟುವಲ್ಲಿಯೂ ಲೋಳೆಮೀನು ತಾಳಿಕೊಳ್ಳುತ್ತದೆ. ಇಲ್ಲಿ ಘಟ್ಟದ ಮೇಲಿನವರ ಪಾಲೂ ಇದೆ. ಶರಾವತಿ, ಅಘನಾಶಿನಿ, ನೇತ್ರಾವತಿಗಳು ಕೆಳಗೆ ಒಯ್ಯುವುದು ನೀರನ್ನಷ್ಟೇ ಅಲ್ಲ. ಸಂತೆಯಿಂದ ತಂದು ಹೊಳೆದಂಡೆಗೆ ಎಸೆದ ಪ್ಲಾಸ್ಟಿಕ್ ಕೊಟ್ಟೆ ಕಡಲಿನಲ್ಲಿ ಅರ್ಧ ಮುಳುಗಿ ತೇಲುವಾಗ ಲೋಳೆಮೀನಿನಂತೆಯೇ ಕಾಣುತ್ತದೆ. ನುಂಗಿದ ಆಮೆ ಕರುಳು ಕಟ್ಟಿ ಸಾಯುತ್ತದೆ. ಲೋಳೆಮೀನಿಗೆ ಒಬ್ಬ ಶತ್ರು ಕಡಿಮೆಯಾಗುತ್ತಾನೆ.

ಇನ್ನು ಘಟ್ಟದ ಲೋಳೆಮೀನಿನ ವಿಷಯ. ಇಂಥ ಜೀವಿ ಸಿಹಿನೀರಿನಲ್ಲೂ ಇದೆಯೆಂದರೆ ಅನೇಕರು ನಂಬಲಿಕ್ಕಿಲ್ಲ. ಸತಾರಾ ಜಿಲ್ಲೆಯಲ್ಲಿ ಸಹ್ಯಾದ್ರಿಯ ಮಡಿಲಿನ ಕೊಯ್ನಾ ಮತ್ತು ಯೆನ್ನಾ ಕಣಿವೆಗಳಲ್ಲಿ ಶಂಕರ ಪುರುಷೋತ್ತಮ ಆಘಾರಕರ ಎಂಬ ವಿಜ್ಞಾನಿ 1911ರಲ್ಲಿ ಇದನ್ನು ಕಂಡರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಅನಂಡೇಲ್ ಅದಕ್ಕೆ ಲಿಮ್ನೊಕ್ನಿಡ ಇಂಡಿಕ ಎಂದು ಹೆಸರಿಟ್ಟರು. ಅದುವರೆಗೆ ಆ ಕುಲ ಆಫ್ರಿಕದಲ್ಲಿ ಮಾತ್ರ ಇದೆಯೆಂದು ತಿಳಿಯಲಾಗಿತ್ತು. ಕೊಯ್ನಾ, ಯೆನ್ನಾ ಎರಡೂ ಕೃಷ್ಣೆಯ ಉಪನದಿಗಳು. ಆ ನೀರು ಮುಂದೆ ಕರ್ನಾಟಕಕ್ಕೇ ಹರಿದು ಬರುತ್ತದೆ. ಕೊಯ್ನಾ ಕಣಿವೆಯ ದೊಡ್ಡ ಭಾಗ 1960ರ ದಶಕದಲ್ಲಿ ಅಣೆಕಟ್ಟೆಯ ಹಿನ್ನೀರಿನಡಿ ಹೋಯಿತು.

ಸಿಹಿನೀರಿನ ಲೋಳೆಮೀನು ರೂಪಾಯಿ ನಾಣ್ಯದಷ್ಟೂ ದೊಡ್ಡದಾಗುವುದು ಅಪರೂಪ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ; ನೀರುಚಿಗಟದಂಥ ಸೂಕ್ಷ್ಮ ಜೀವಿಗಳೇ ಅದರ ಆಹಾರ. ಕೆಲವು ವರ್ಷ ನೂರಾರು ಕಾಣಿಸಿ, ಮರುವರ್ಷ ಒಂದೂ ಕಾಣದಿರಬಹುದು. ಆಗ ಅದು ಅಳಿದಿದೆ ಎನ್ನಲಾಗದು, ಏಕೆಂದರೆ ಒಂದು ಮಿಲಿಮೀಟರಿನ ಆಸುಪಾಸಿನ ಪಾಲಿಪ್ ಹೊಳೆಯ ತಳದ ಕಲ್ಲಿನಲ್ಲಿ ಉಳಿದಿರುತ್ತದೆ. ಆ ಕಲ್ಲು, ಮರಳನ್ನೇ ಲಾರಿಗೆ ತುಂಬಿದ ಹೊಳೆಯಲ್ಲಿ, ಮಡುವಿಗೆ ತೋಟೆ ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವ ಹೊಳೆಯಲ್ಲಿ, ಆ ಭರವಸೆಯೂ ಇಲ್ಲ.

ಹುಡುಕಬಯಸುವ ವಿದ್ಯಾರ್ಥಿಗಳು ಮಾರ್ಚ್‌ನಿಂದ ಮುಂಗಾರಿನವರೆಗೆ, ಹರಿವು ನಿಂತು ನೀರು ಬೆಚ್ಚಗಾಗಿರುವ ಗುಂಡಿಗಳನ್ನು ಬಿಸಿಲೇರಿದ ಮೇಲೆ ದಂಡೆಯಿಂದಲೇ ನೋಡಬೇಕು. ಕೊಡೆ ಬಿಚ್ಚಿ ಮುಚ್ಚುವಂತೆ ಮಿಡಿಯುತ್ತ ಮೇಲೇರಿ, ಮತ್ತೆ ಸುಮ್ಮನೆ ಕೆಳಗಿಳಿಯುವ ಪಾರದರ್ಶಕ ಬಿಲ್ಲೆ ಕಂಡರೆ ಊರು, ಹೊಳೆಯ ಹೆಸರು, ದಿನಾಂಕ, ನೀರಿನ ಆಳ, ತಳದಲ್ಲಿರುವುದು ಕಲ್ಲೋ ಮರಳೋ ಕೆಸರೋ ಎಂಬುದನ್ನು ಬರೆದುಕೊಂಡು, ಬಿಳಿ ತಟ್ಟೆಯಲ್ಲಿ ನೀರು ಸಮೇತ ತೆಗೆದು ಚಿತ್ರ ಹಿಡಿದು, ಅದೇ ಗುಂಡಿಗೆ ಮರಳಿ ಬಿಡಬೇಕು. ಕಾಣದಿದ್ದ ಗುಂಡಿಗಳ ಪಟ್ಟಿಯನ್ನೂ ಇಡುವುದು ಒಳ್ಳೆಯದು. ಮರುವರ್ಷ ಅಲ್ಲಿಗೇ ಮತ್ತೊಮ್ಮೆ ಹೋಗಬೇಕಾಗುತ್ತದೆ.