ಖಾಲಿ ಚೀಲದ ಲೆಕ್ಕ

ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಸಿಮೆಂಟು ಎಷ್ಟು ಮೂಟೆ, ಯಾವ ದರಕ್ಕೆ ಬಂತು ಎಂದು ಥಟ್ಟನೆ ಹೇಳುತ್ತಾರೆ. ಖಾಲಿ ಚೀಲ ಎಲ್ಲಿ ಹೋಯಿತು ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

ತಿರುವನಂತಪುರದಲ್ಲಿ ನನ್ನ ಅಕ್ಕ ಮನೆ ಕಟ್ಟಿಸುವಾಗ ಹೋಗಿದ್ದೆ. ಸಾವಿರ ಚದರಡಿಯ ಮನೆ. ಮೇಸ್ತ್ರಿಗಳ ರೂಢಿಯ ಲೆಕ್ಕದಲ್ಲಿ ಸುಮಾರು 400 ಮೂಟೆ. 50 ಕಿಲೋ ಹಿಡಿಯುವ ಒಂದು ಚೀಲ ಹೆಚ್ಚುಕಡಿಮೆ 75 ಗ್ರಾಂ ತೂಗುತ್ತದೆ. ಅಲ್ಲಿಗೆ ಒಂದು ಪುಟ್ಟ ಮನೆಗೆ 30 ಕಿಲೋ ಪ್ಲಾಸ್ಟಿಕ್! ಗೋಣಿಯಂತೆ ನೇಯ್ದಿದ್ದರೂ ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್ಕೇ. 1987ರಲ್ಲಿ ಬಂದ ಸೆಣಬಿನ ಕಾಯ್ದೆಯಡಿ ಮೊದಮೊದಲು ಸಿಮೆಂಟಿನ ಒಂದು ಪಾಲನ್ನು ಸೆಣಬಿನ ಚೀಲದಲ್ಲೇ ತುಂಬಬೇಕಿತ್ತು. ಪುಡಿ ಸೋರುತ್ತಿತ್ತು, ತೇವ ಇಳಿಯುತ್ತಿತ್ತು. ಆ ನಿಯಮ ಹೋಯಿತು.

ಕೊಚ್ಚಿಯಲ್ಲಿ ಇನ್ನೊಂದು ವಿಚಿತ್ರ ನೋಡಿ. ವಿಲ್ಲಿಂಗ್ಡನ್ ದ್ವೀಪದ ಬಂದರಿಗೆ ಸಿಮೆಂಟು ಹಡಗಿನಲ್ಲಿ ಚೀಲವೇ ಇಲ್ಲದೆ, ಬರೀ ಪುಡಿಯಾಗಿಯೇ ಬರುತ್ತದೆ. ಚೀಲ ಬೇಕಾಗುವುದು ಅಲ್ಲಿಂದ ಅಂಗಡಿಗೆ ಹೊರಟಾಗ. ದೊಡ್ಡ ಬಿಲ್ಡರಿಗೆ ಟ್ಯಾಂಕರು ಉಂಟು, ರೆಡಿಮಿಕ್ಸ್ ಉಂಟು. ನಮ್ಮ ನಿಮ್ಮಂಥವರಿಗೆ ಚೀಲವೇ ಗತಿ.

ಅದೇ ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡಕ್ಕೆ 2023ರ ಮಾರ್ಚ್ 2ರಂದು ಬೆಂಕಿ ಬಿದ್ದು, ಹತ್ತು ದಿನಕ್ಕೂ ಮೀರಿ ಊರು ಹೊಗೆ ಕುಡಿಯಿತು. ತಿರುವನಂತಪುರದಲ್ಲಿ 2024ರ ಜುಲೈನಲ್ಲಿ, ತಂಬಾನೂರಿನ ರೈಲು ಹಳಿಗಳ ಕೆಳಗೆ ಹರಿಯುವ ಆಮಯಿಳಂಜಾನ್ ತೋಡಿನ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋದರು. ದೇಹ ಸಿಕ್ಕಿದ್ದು ಮೂರನೇ ದಿನ. ಇದೆಲ್ಲಕ್ಕೂ ಸಿಮೆಂಟ್ ಚೀಲವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಮಳೆಗಾಲದಲ್ಲಿ ಸೈಟಿನಿಂದ ಹಾರಿದ ಚೀಲ ಮೋರಿಯ ಬಾಯಿಗೆ ಅಂಟಿಕೊಂಡರೆ ನೀರು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಅಕ್ಕನ ಸೈಟಿನಲ್ಲಿ ಕೆಲಸದವರು ಚೀಲದ ಹೊಟ್ಟೆಗೇ ಸಲಿಕೆಯಿಂದ ಹೊಡೆದು ಸೀಳುತ್ತಿದ್ದರು. ಹಾಗೆ ಸೀಳಿದ್ದನ್ನು ಗುಜರಿಯವನು ಮುಟ್ಟುವುದಿಲ್ಲ. ಬಾಯಿಯ ಹೊಲಿಗೆ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಬಿಚ್ಚುತ್ತದೆ, ಚೀಲ ಇಡಿಯಾಗಿ ಉಳಿಯುತ್ತದೆ. ಅಕ್ಕ ಮೇಸ್ತ್ರಿಗೆ ಹೇಳಿದಳು. ಮೊದಲು ನಕ್ಕ. ಚೀಲ ಮಾರಿದ ದುಡ್ಡು ನಿಮಗೇ ಎಂದ ಮೇಲೆ ನಗು ನಿಂತಿತು. ಕೊಡವಿ, ಇಪ್ಪತ್ತೈದರ ಕಟ್ಟು ಕಟ್ಟಿ, ಬಿಸಿಲು ತಾಗದ ಕಡೆ ಇಟ್ಟರು. ಈ ಪ್ಲಾಸ್ಟಿಕ್ ಬಿಸಿಲಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಎಳೆಎಳೆಯಾಗಿ ಉದುರಿ ಮಣ್ಣು ಸೇರುತ್ತದೆ, ಆಮೇಲೆ ಆರಿಸುವುದು ಯಾರಿಂದಲೂ ಆಗದು. ನೀವೂ ಮನೆ ಕಟ್ಟಿಸುವುದಿದ್ದರೆ ಮೊದಲ ಲೋಡು ಇಳಿಯುವ ಮುಂಚೆಯೇ ಈ ಮಾತು ಆಡಿಬಿಡಿ.

ಚೀಲಗಳೇನೋ ಹೋದವು. ಟೈಲ್ಸ್, ಕಮೋಡಿನ ಜೊತೆ ಬಂದ ಥರ್ಮೋಕೋಲಿಗೆ ಮಾತ್ರ ಗಿರಾಕಿ ಇಲ್ಲ. ವಾಪಸ್ ಒಯ್ಯಿರಿ ಎಂದರೆ ಅಂಗಡಿಯವರು ಮುಖ ನೋಡಿದರು. ಗೃಹಪ್ರವೇಶಕ್ಕೆ ಹೋದಾಗಲೂ ಮೆಟ್ಟಿಲ ಕೆಳಗೆ ಅದರ ರಾಶಿ, ಮೇಲೊಂದು ಹಳೇ ಬೆಡ್‌ಶೀಟು ಹೊದಿಸಿಟ್ಟಿದ್ದಳು.