ಮೊಹರು ಬಿದ್ದ ಹುಟ್ಟು

ಅಮೆರಿಕದಲ್ಲಿ ದತ್ತು ಹೋದ ಮಗುವಿಗೆ ಸಾಮಾನ್ಯವಾಗಿ ಎರಡು ಜನನ ಪ್ರಮಾಣಪತ್ರ. ಒಂದರಲ್ಲಿ ಹೆತ್ತವಳ ಹೆಸರಿರುತ್ತದೆ. ಇನ್ನೊಂದರಲ್ಲಿ ಸಾಕಿದವರೇ ಹೆತ್ತವರು. ಕೈಗೆ ಸಿಗುವುದು ಎರಡನೆಯದು. ಮೊದಲನೆಯದು ಮೊಹರು ಬಿದ್ದು ಸರ್ಕಾರದ ಕಪಾಟು ಸೇರುತ್ತದೆ. ನಡೆಯದ ಹೆರಿಗೆಗೆ ಸರ್ಕಾರವೇ ಸಹಿ ಹಾಕುವ ವಿಚಿತ್ರವಿದು.

ಮೊದಲ ಉದ್ದೇಶ ಕೆಟ್ಟದ್ದೇನಲ್ಲ. ಮದುವೆಯಾಗದ ತಾಯಿಗೆ ಹುಟ್ಟಿದ ಮಗುವಿನ ಪತ್ರದಲ್ಲಿ ‘ಅಕ್ರಮ ಸಂತಾನ’ ಎಂದೇ ನಮೂದಿಸುತ್ತಿದ್ದ ಕಾಲವದು. ಓದಿದವರ ಬಾಯಿ ಸುಮ್ಮನಿರುತ್ತದೆಯೇ? 1917ರಲ್ಲಿ ಮಿನ್ನೆಸೋಟ ರಾಜ್ಯ ದತ್ತು ಪ್ರಕರಣಗಳ ಕೋರ್ಟ್ ಕಡತಗಳನ್ನು ಸಾರ್ವಜನಿಕರಿಗೆ ಮುಚ್ಚಿತು. ಪ್ರಕರಣಕ್ಕೆ ಸಂಬಂಧಪಟ್ಟವರು ನೋಡಬಹುದಿತ್ತು. ಅಂದರೆ ಬೀಗ ಹಾಕಿದ್ದು ನೆರೆಹೊರೆಯವರ ಕುತೂಹಲಕ್ಕೆ. ಮುಂದಿನ ದಶಕಗಳಲ್ಲಿ ಒಂದೊಂದೇ ರಾಜ್ಯ ಅದನ್ನು ಬಿಗಿ ಮಾಡುತ್ತ ಹೋಯಿತು. ಯಾರ ಮಾನ ಕಾಯಲು ಬೀಗ ಬಂದಿತ್ತೋ ಆ ಮಗುವೇ ದೊಡ್ಡದಾಗಿ ಬಂದು ಕೇಳಿದರೂ ಕೋರ್ಟ್ ಆದೇಶ ತನ್ನಿ ಎಂಬ ಉತ್ತರ ಸಿಗತೊಡಗಿತು.

ಕ್ಯಾನ್ಸಸ್ ಮತ್ತು ಅಲಾಸ್ಕಾ ಮಾತ್ರ ವಯಸ್ಕ ದತ್ತುಮಕ್ಕಳಿಗೆ ಎಂದೂ ಬಾಗಿಲು ಹಾಕಲಿಲ್ಲ. ಸ್ಕಾಟ್ಲೆಂಡ್ 1930ರಿಂದಲೇ ತೆರೆದಿಟ್ಟಿದೆ. ಇಂಗ್ಲೆಂಡ್ 1975ರ ಕಾಯ್ದೆಯಲ್ಲಿ ತೆರೆಯಿತು. ಹಳೆಯ ದತ್ತುಗಳ ವಿಷಯದಲ್ಲಿ ಮೊದಲು ಆಪ್ತಸಮಾಲೋಚಕರನ್ನು ಕಾಣಬೇಕೆಂಬ ಷರತ್ತಿನೊಂದಿಗೆ.

ದೊಡ್ಡ ಜಗಳ ನಡೆದದ್ದು ಅಮೆರಿಕದ ಒರೆಗಾನ್‌ನಲ್ಲಿ. 1998ರಲ್ಲಿ ಅಲ್ಲಿನ ಮತದಾರರೇ, 21 ತುಂಬಿದ ದತ್ತುಮಕ್ಕಳಿಗೆ ಮೂಲ ಪತ್ರ ಕೊಡಬೇಕೆಂದು ತೀರ್ಮಾನಿಸಿದರು. ಕೆಲವು ಹೆತ್ತ ತಾಯಂದಿರು ಹೆಸರು ಮರೆಮಾಡಿ ಕೋರ್ಟಿಗೆ ಹೋದರು: ಗುಟ್ಟು ಕಾಯುತ್ತೇವೆಂದು ನಮಗೆ ಮಾತು ಕೊಟ್ಟಿರಲಿಲ್ಲವೇ? ಅವರ ಅಳಲು ಹುಸಿಯಲ್ಲ. ಆದರೂ ಅಂಥ ಸಾಂವಿಧಾನಿಕ ಹಕ್ಕು ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು; 2000ದಲ್ಲಿ ಕಾನೂನು ಜಾರಿಯಾಯಿತು. ಜೊತೆಗೊಂದು ಜಾಣ ಏರ್ಪಾಡೂ ಬಂತು. ಮಗು ತನ್ನನ್ನು ಸಂಪರ್ಕಿಸಬಹುದೇ, ಬೇಡವೇ ಎಂದು ತಾಯಿ ಫಾರಂ ತುಂಬಿ ತಿಳಿಸಬಹುದು. ದಾಖಲೆ ಪಡೆಯುವುದು ಬೇರೆ, ಮನೆ ಬಾಗಿಲು ತಟ್ಟುವುದು ಬೇರೆ ಎಂಬ ಈ ವಿವೇಕಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ! ನ್ಯೂಯಾರ್ಕ್ ತೆರೆದದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಡಿಎನ್‌ಎ ಪರೀಕ್ಷೆ ಅಗ್ಗವಾಗಿ, ದೂರದ ಸೋದರ ಸಂಬಂಧಿಗಳ ಎಂಜಲೇ ಎಷ್ಟೋ ಗುಟ್ಟುಗಳನ್ನು ಹೊರಹಾಕಿತ್ತು.

ಭಾರತದ 2022ರ ದತ್ತು ನಿಯಮಗಳು ಮೂಲ ಹುಡುಕುವ ಹಕ್ಕನ್ನು ಒಪ್ಪುತ್ತವೆ. 18 ದಾಟಿದವರು ತಾವೇ ಅರ್ಜಿ ಹಾಕಬಹುದು, ಮೂರನೆಯವರು ಹುಡುಕುವಂತಿಲ್ಲ. ಕರ್ನಾಟಕದಿಂದ ಹೊರದೇಶಕ್ಕೆ ದತ್ತು ಹೋದವರಿಗೂ ಇದೇ ದಾರಿ. ಆದರೆ ಬೇಡವಾದ ಮಕ್ಕಳನ್ನು ಬಿಟ್ಟುಹೋಗಲೆಂದು ಇಟ್ಟ ತೊಟ್ಟಿಲಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕ ಮಗುವಾಗಿದ್ದರೆ, ಕಡತ ಪೂರ್ತಿ ತೆರೆದರೂ ಅದರಲ್ಲಿ ತಾಯಿಯ ಹೆಸರೇ ಇರುವುದಿಲ್ಲ.