ತಪ್ಪು ಎಂಜಿನ್ನಿನದೋ, ತಂತಿಯದೋ?



ನಿಮ್ಮ ಪರಿಚಯದವರ ಕಾರೊಂದು ಕಪ್ಪು ಹೊಗೆ ಉಗುಳುತ್ತಿದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿದೆ ಎಂದಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಆಮೇಲೆ ಇಂಜೆಕ್ಟರ್ ಬದಲಾಯಿಸಿದರು. ಕೊನೆಗೆ ಎಂಜಿನ್ನಿನ ಕಂಪ್ಯೂಟರೇ ಕೆಟ್ಟಿದೆ, ಸಾವಿರಾರು ರೂಪಾಯಿ ಬೇಕು ಎಂದರು. ಆದರೆ ದೋಷವಿದ್ದದ್ದು ಕಿಲುಬು ಹಿಡಿದ ಒಂದು ತಂತಿಯ ಜೋಡಣೆಯಲ್ಲಿ! ಅದನ್ನು ಪತ್ತೆ ಮಾಡಲು ನೀವು ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮವೇ ಸಾಕು.

ಇಂದಿನ ಕಾರುಗಳಲ್ಲಿ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಎಂಜಿನ್ ಬಿಸಿಯಾಗಿದೆಯೋ ತಣ್ಣಗಿದೆಯೋ ಎಂಬುದನ್ನು ಅದಕ್ಕೆ ತಿಳಿಸುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಸಾವಿರ ಓಮ್ ಇರುವ ರೋಧ, 90 ಡಿಗ್ರಿಯಲ್ಲಿ ಇನ್ನೂರು ಮುನ್ನೂರು ಓಮ್‌ಗೆ ಇಳಿದಿರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಇಸಿಯು ತನ್ನೊಳಗಿನ 2,200 ಓಮ್ ರೋಧಕದ ಮೂಲಕ 5 ವೋಲ್ಟ್ ಕಳಿಸುತ್ತದೆ ಎಂದುಕೊಳ್ಳಿ. ಬಿಸಿ ಎಂಜಿನ್ನಿನ ಥರ್ಮಿಸ್ಟರ್ 250 ಓಮ್ ಇದ್ದರೆ, ಇಸಿಯು ಕಾಣುವುದು ಸುಮಾರು 0.5 ವೋಲ್ಟ್. ಅರ್ಥ್ ತಂತಿಯ ಜೋಡಣೆಯಲ್ಲಿ ಕಿಲುಬು ಸೇರಿ ಇನ್ನೊಂದು 2,000 ಓಮ್ ಹೆಚ್ಚಾದರೆ? ಆಗ ಅದು ಕಾಣುವುದು ಸುಮಾರು 2.5 ವೋಲ್ಟ್. 'ಎಂಜಿನ್ ಇನ್ನೂ ತಣ್ಣಗಿದೆ' ಎಂದು ನಂಬಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. 2.5 ವೋಲ್ಟ್ ಅಸಂಭವ ಸಂಖ್ಯೆಯೇನಲ್ಲ. ಆದ್ದರಿಂದ ಎಷ್ಟೋ ವೇಳೆ ಎಚ್ಚರಿಕೆಯ ದೀಪವೂ ಹತ್ತುವುದಿಲ್ಲ. ಹೊಸ ಥರ್ಮಿಸ್ಟರ್ ಹಾಕಿದರೂ ತೊಂದರೆ ಹಾಗೇ ಉಳಿಯುತ್ತದೆ.

ಹಾಗಾದರೆ ಪತ್ತೆ ಹೇಗೆ? ಮೊದಲು ಬ್ಯಾಟರಿ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅನಂತರ ಇಗ್ನಿಷನ್ ಆನ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಥರ್ಮಿಸ್ಟರಿನ ಅರ್ಥ್ ತಂತಿಗೂ ಮುಟ್ಟಿಸಬೇಕು. ಜೋಡಣೆ ಚೆನ್ನಾಗಿದ್ದರೆ ಸೊನ್ನೆಗೆ ತೀರಾ ಹತ್ತಿರದ ಅಂಕಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 2 ವೋಲ್ಟಿಗೂ ಹೆಚ್ಚು ಬರುತ್ತದೆ. ಕಳ್ಳ ಸಿಕ್ಕಿಬಿದ್ದ! ಇಗ್ನಿಷನ್ ಆಫ್ ಮಾಡಿ, ಜೋಡಣೆ ಬಿಚ್ಚಿ ಶುಚಿ ಮಾಡಿ ಬಿಗಿಯಾಗಿ ಕೂರಿಸಿದರೆ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ: ವಿದ್ಯುತ್ ಹರಿಯುತ್ತಿರುವಾಗ ಮೀಟರನ್ನು ಓಮ್ ಸ್ಥಾನದಲ್ಲಿ ಇಡಬೇಡಿ. ತಿಳಿದವರ ಜೊತೆಯಿಲ್ಲದೆ ಕಾರಿಗೆ ಕೈ ಹಾಕಲೂ ಬೇಡಿ.

ಕಾರಿಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ 5 ವೋಲ್ಟ್ ಮೂಲಕ್ಕೆ ಇಂಥ ಮೂರು ರೋಧಕಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ವೋಲ್ಟೇಜನ್ನೂ ಅಳೆಯಿರಿ. ಭಾಗ ಬದಲಾಯಿಸುವ ಮೊದಲು ಅಳೆದು ನೋಡುವ ಅಭ್ಯಾಸವಿದ್ದರೆ, ಮುಂದೆ ಒಂದು ಮನೆಯ ತಿಂಗಳ ಸಂಬಳವನ್ನೇ ನೀವು ಉಳಿಸಿಕೊಡಬಹುದು.